ಜಟಕಾದ ಹಿಂದೆ ನಡೆದ ಬೈಲಪ್ಪ

ಬೈಲಪ್ಪ ನನ್ನ ತಾಯಿಯ ಅಕ್ಕನ ಗಂಡ, ನನಗೆ ದೊಡ್ಡಪ್ಪ. ಆದರೆ ಈ ಕಥೆ ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲವಾದ್ದರಿಂದ, ಊರಿನವರು ಕರೆಯುತ್ತಿದ್ದ ಹಾಗೆ ಬೈಲಪ್ಪ ಎಂದೇ ಹೇಳುತ್ತೇನೆ. ಇದರಲ್ಲಿ ಬಹುಪಾಲು ನನಗೆ ಹೇಳಿದ್ದು ಅವನ ಹೆಂಡತಿ ಆಂಜನಮ್ಮ ದೊಡ್ಡಮ್ಮ. ಅವನು ತನ್ನ ವಿಷಯ ತಾನೇ ಹೇಳಿಕೊಳ್ಳುವವನಲ್ಲ. ಕುದುರೆಗಳ ವಿಷಯ ಕೇಳಿದರೆ ಮಾತ್ರ ತಟ್ಟೆಯಲ್ಲಿನ ಮುದ್ದೆ ಆರಿ ಕಲ್ಲಾಗುವ ತನಕ ಮಾತಾಡುತ್ತಿದ್ದ.

ಅವನು ಜೋಗುಪಾಳ್ಯದವನು. ಅವನ ಅಪ್ಪ ಹಲಸೂರು ಕೆರೆಯ ಹಿಂದಿನ ಗುತ್ತಿಗೆ ತೋಟದಲ್ಲಿ ಸೊಪ್ಪು ಬೆಳೆಯುತ್ತಿದ್ದ, ಮಿಲಿಟರಿಯ ಕುದುರೆ ಲಾಯಕ್ಕೆ ಹುಲ್ಲು ಕೊಯ್ದು ಹಾಕುತ್ತಿದ್ದ. ಬೈಲಪ್ಪ ಹದಿನೆಂಟನೆಯ ವಯಸ್ಸಿಗೆ ಅದೇ ಲಾಯದಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಕಾಯಿಲೆ ಬಿದ್ದ ಕುದುರೆಗಳನ್ನು ನೋಡಿಕೊಳ್ಳುವ ಪಂಜಾಬಿನ ಮುದುಕನೊಬ್ಬನಿದ್ದ. ಕುದುರೆ ವೈದ್ಯ ಬಲ್ಲವನಾದ್ದರಿಂದ ಎಲ್ಲರೂ ಅವನನ್ನು ಸಾಲೋತ್ರಿ ಎನ್ನುತ್ತಿದ್ದರು. ಆ ಸಾಲೋತ್ರಿ ಬೈಲಪ್ಪನ ಕಣ್ಣು ಮುಚ್ಚಿಸಿ, ಕುದುರೆಯ ಬೆನ್ನ ಮೇಲೆ ಅಂಗೈ ಇಡಿಸಿ, ಎಲ್ಲಿ ಬಿಸಿ ಹೆಚ್ಚಿದೆ ಹೇಳು ಎನ್ನುತ್ತಿದ್ದನಂತೆ. ಎರಡು ವರ್ಷ ಹೀಗೇ ಕಲಿಸಿದ. ಕೂದಲ ಕೆಳಗೆ ಇನ್ನೂ ಒಡೆಯದ ಹುಣ್ಣು ಬೈಲಪ್ಪನ ಕೈಗೆ ಗೊತ್ತಾಗುವ ಹೊತ್ತಿಗೆ, ಲಾಯಕ್ಕೆ ಕುದುರೆಗಳ ಬದಲು ಲಾರಿಗಳು ಬರತೊಡಗಿದವು. ಮುದುಕ ತನ್ನ ಊರಿಗೆ ಹೊರಟುಹೋದ. ಬೈಲಪ್ಪ ದಂಡಿನ, ಅಂದರೆ ಕಂಟೋನ್ಮೆಂಟಿನ, ಜಾನುವಾರು ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆದ.

ಡ್ರೆಸ್ಸರ್ ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವನು. ಹೆಸರಿಗೆ ಅಷ್ಟೇ. ಹಸು ಬಾಯಿ ಬಿಡದಿದ್ದರೆ ದವಡೆ ಎತ್ತಿ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವುದು, ಡಾಕ್ಟರು ಸೂಜಿ ಹಿಡಿದಾಗ ಎತ್ತಿನ ಮೂಗು ಹಿಡಿದು ನಿಲ್ಲುವುದು, ಕುದುರೆಯನ್ನು ಹಗ್ಗ ಹಾಕಿ ನೋವಾಗದಂತೆ ಹುಲ್ಲಿನ ಮೇಲೆ ಮಲಗಿಸುವುದು, ಆಮೇಲೆ ನೆಲಕ್ಕೆ ಫಿನಾಯಿಲ್ ಹಾಕಿ ಉಜ್ಜುವುದು, ಎಲ್ಲ ಅವನದೇ. ಆಸ್ಪತ್ರೆಯ ಡಾಕ್ಟರು ಆದಿನಾರಾಯಣ. ಸಣ್ಣ ಮೈಯ, ಸಿಡುಕು ಮೋರೆಯ, ಕೆಲಸದಲ್ಲಿ ಬಹಳ ಶುದ್ಧ ಮನುಷ್ಯ. ಬೈಲಪ್ಪ ಅವರಿಗೆ ಹೆದರುತ್ತಿದ್ದ, ಗೌರವವನ್ನೂ ಕೊಡುತ್ತಿದ್ದ.

ನಲವತ್ತೆರಡನೇ ಇಸವಿಯ ಹೊತ್ತಿಗೆ ಯುದ್ಧ ಬೆಂಗಳೂರಿನ ಬೀದಿಗೇ ಬಂದ ಹಾಗಿತ್ತು. ಎಲ್ಲೆಲ್ಲೂ ಸಿಪಾಯಿಗಳು. ಪೆಟ್ರೋಲಿಗೆ ರೇಷನ್ ಬಂತು, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಓಡಾಡಿದವು. ಹಾಗಾಗಿ ಜನವೆಲ್ಲ ಜಟಕಾ ಹತ್ತಿದರು. ಮೂವರು ಕೂರುತ್ತಿದ್ದ ಗಾಡಿಯಲ್ಲಿ ಐವರು ಕೂತರು, ಟ್ರಂಕು ಹಾಸಿಗೆ ಬೇರೆ. ಕುದುರೆ ಮಾತ್ರ ಒಂದೇ. ಬೆನ್ನಿನ ಮೇಲೆ ಜೀನು ಒತ್ತುವ ಕಡೆ, ಎದೆಪಟ್ಟಿ ಉಜ್ಜುವ ಕಡೆ ಹುಣ್ಣುಗಳೆದ್ದವು.

ಹುಣ್ಣಿರುವ ಕುದುರೆಯನ್ನು ಗಾಡಿಗೆ ಕಟ್ಟಬಾರದು ಎಂಬ ಕಾನೂನಿತ್ತು. ಪೊಲೀಸರೋ ಆಸ್ಪತ್ರೆಯವರೋ ಕಂಡರೆ ಅಲ್ಲೇ ಬಿಚ್ಚಿಸಿ ಕುದುರೆಯನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು, ಗಾಡಿಯವನು ಕೋರ್ಟಿಗೆ ಹೋಗಬೇಕಿತ್ತು. ಕಾನೂನು ಕುದುರೆಯ ಒಳ್ಳೆಯದಕ್ಕೇ ಇದ್ದದ್ದು. ಆದರೆ ಗಾಡಿಯವರು ಏನು ಮಾಡಿದರು ಅಂದರೆ, ಹುಣ್ಣನ್ನು ಮುಚ್ಚತೊಡಗಿದರು. ಹರಳೆಣ್ಣೆಯಲ್ಲಿ ದೀಪದ ಕಾಡಿಗೆ ಕಲಸಿ ಬಳಿದು, ಮೇಲೆ ಬಟ್ಟೆ ಹಾಕಿ, ಅದರ ಮೇಲೆ ಜೀನು ಬಿಗಿದರೆ ಯಾರಿಗೂ ಕಾಣುತ್ತಿರಲಿಲ್ಲ.

ಆ ವರ್ಷದ ಆಷಾಢದಲ್ಲಿ ಒಂದು ಕಂದು ಕುದುರೆ ಆಸ್ಪತ್ರೆಗೆ ಬಂತು. ರಸ್ತೆಯಲ್ಲೇ ಕುಸಿದಿತ್ತಂತೆ. ಬೈಲಪ್ಪ ಜೀನು ಬಿಚ್ಚಿ ಬಟ್ಟೆ ಎತ್ತಿದರೆ, ಕಾಡಿಗೆಯ ಕೆಳಗೆ ಬೆರಳು ಇಳಿಯುವಷ್ಟು ಆಳದ ಗುಣಿ, ಒಳಗೆಲ್ಲ ಹುಳು. ಮೂರು ದಿನ ಡಾಕ್ಟರೂ ಅವನೂ ಒದ್ದಾಡಿದರು. ನಂಜು ರಕ್ತಕ್ಕೆ ಏರಿಬಿಟ್ಟಿತ್ತು. ಮೂರನೇ ದಿನ ಮಧ್ಯಾಹ್ನ ಕುದುರೆ ಸತ್ತಿತು.

ಅದರ ಯಜಮಾನ ಅರವತ್ತು ದಾಟಿದ ಮುದುಕ. ಮೂರು ದಿನವೂ ಬೇಲಿಯ ಹೊರಗೆ ಕೂತೇ ಇದ್ದ. ಬೈಲಪ್ಪನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಹದಿನೈದು ದಿನ ಮುಂಚೆ ತಂದಿದ್ರೆ ಬದುಕ್ತಿತ್ತಲ್ಲಯ್ಯಾ! ಯಾಕೆ ಮುಚ್ಚಿಟ್ಟೆ?"

ಮುದುಕ ತಲೆ ಎತ್ತಲಿಲ್ಲ. "ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತಾನೇ ಮುಚ್ಚಿಟ್ಟೆ ಸಾಮಿ. ನೀವು ನೋಡಿದ್ರೆ ಇದನ್ನ ಕರ್ಕೊಂಡೋಗ್ತಿದ್ರಿ. ಮನೇಲಿ ಇರೋದು ಇದೊಂದೇ."

ಅವನು ಎದ್ದು ಕುದುರೆಯ ಕೊರಳಿನ ಗೆಜ್ಜೆಪಟ್ಟಿ ಬಿಚ್ಚಿಕೊಂಡು ಹೋದ. ಕುದುರೆ ಸತ್ತದ್ದಕ್ಕಿಂತ ಆ ಮಾತು ಬೈಲಪ್ಪನನ್ನು ತಿಂದಿತು. ಬೆನ್ನು ಮುಟ್ಟಿದರೆ ಹುಣ್ಣು ತಿಳಿಯುವ ಕೈ ತನಗಿದೆ, ಆದರೆ ಆ ಕೈಗೆ ಹೆದರಿಯೇ ಜನ ಹುಣ್ಣು ಮುಚ್ಚುತ್ತಾರೆ ಅಂದರೆ, ಆ ಕೈ ಇದ್ದು ಏನು ಬಂತು?

ಆ ವಾರ ಅವನು ಆಂಜನಮ್ಮನಿಗೆ ಹೇಳಿದ, "ಭಾನುವಾರ ನಾನು ದಂಡು ಸ್ಟೇಷನ್ನಿಗೆ ಹೋಗ್ತೀನಿ. ಅಲ್ಲಿ ಜಟಕಾ ನಿಲ್ಲೋ ಕಡೆ ನೀರು ತೊಟ್ಟಿ ಇದೆಯಲ್ಲ, ಅಲ್ಲಿ ಕೂತ್ಕೋತೀನಿ. ಯಾರಾದ್ರೂ ಕುದುರೆ ತೋರಿಸಿದ್ರೆ ತೊಳೆದು ಕಟ್ತೀನಿ. ಸುಮ್ನೆ, ನನ್ನ ಪಾಡಿಗೆ."

"ಆರು ದಿನ ದನಾ ಕುದುರೆ ನೋಡಿದ್ದು ಸಾಲ್ದಾ?" ಅಂದಳು ಆಂಜನಮ್ಮ. ಅಂದರೂ ತನ್ನ ಹಳೇ ಸೀರೆಯೊಂದನ್ನು ಹರಿದು ಪಟ್ಟಿ ಮಾಡಿಕೊಟ್ಟಳು.

ಆಸ್ಪತ್ರೆಯ ಖಾಕಿ ಉಡುಪು ಬಿಟ್ಟು ಪಂಚೆ ಅಂಗಿ ಹಾಕಿಕೊಂಡು, ಬೇವಿನ ಸೊಪ್ಪು ಕುದಿಸಿದ ನೀರು ಒಂದು ಡಬ್ಬಿ, ಉಪ್ಪು, ಬೇವಿನೆಣ್ಣೆ, ಸೀರೆಯ ಪಟ್ಟಿಗಳು, ಇಷ್ಟು ಹಿಡಿದು ಬೈಲಪ್ಪ ತೊಟ್ಟಿಯ ಬಳಿ ಕೂತ. ಗಾಡಿಯವರಿಗೆ ಅವನು ಯಾರೆಂದು ಗೊತ್ತಿತ್ತು. ಖಾಕಿ ಬಿಚ್ಚಿಟ್ಟು ಹುಣ್ಣು ಪತ್ತೆ ಮಾಡಲು ಬಂದಿದ್ದಾನೆ ಎಂದು ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ಹೋಯಿತು. ಅವತ್ತು ಕುದುರೆಗಳು ಆ ತೊಟ್ಟಿಯಲ್ಲಿ ನೀರು ಕುಡಿಯಲೇ ಇಲ್ಲ. ಗಾಡಿಯವರು ಬಕೆಟ್ಟಿನಲ್ಲಿ ನೀರು ಹೊತ್ತು ದೂರದಲ್ಲಿ ಕುಡಿಸಿದರು.

ಎರಡು ಭಾನುವಾರ ಹಾಗೇ ಹೋಯಿತು. ಮೂರನೆಯ ಭಾನುವಾರ ಮೊದಲ ರೋಗಿ ಬಂತು, ಕತ್ತೆ. ಸ್ಟೇಷನ್ ಮುಂದೆ ಹುಲ್ಲು ಮಾರುತ್ತಿದ್ದ ಮಾರಕ್ಕನ ಕತ್ತೆ. ನಾಯಿ ಕಚ್ಚಿ ಅದರ ಕಿವಿ ಹರಿದು ಹುಳು ಬಿದ್ದಿತ್ತು. ಬೈಲಪ್ಪ ಸೀತಾಫಲದ ಎಲೆ ಕಲ್ಲಿನ ಮೇಲೆ ಜಜ್ಜಿ ರಸ ಹಿಂಡಿ, ಒಂದೊಂದೇ ಹುಳು ತೆಗೆದು, ಕಿವಿ ಕಟ್ಟಿದ. ಗಾಡಿಯವರು ದೂರದಿಂದ ನೋಡಿ ಕೇಕೆ ಹಾಕಿ ನಕ್ಕರು.

"ಅರೆ, ಕತ್ತೆ ಡಾಕ್ಟರ್! ಸಲಾಂ ಡಾಕ್ಟರ್ ಸಾಬ್!"

ಹಾಗೆ ಕೂಗಿದವನು ಅಹ್ಮದ್ ಪಾಷಾ. ಬ್ಲಾಕ್‌ಪಲ್ಲಿಯವನು, ಈಗ ನಾವು ಶಿವಾಜಿನಗರ ಅನ್ನುವ ಕಡೆ. ಮೂವತ್ತರ ಆಸುಪಾಸಿನ ಎತ್ತರದ ಆಳು, ಸ್ಟ್ಯಾಂಡಿನಲ್ಲಿ ಅವನ ಮಾತೇ ನಡೆಯುತ್ತಿದ್ದದ್ದು.

"ನಗ್ರೋ ನಗ್ರಿ," ಅಂದಳು ಮಾರಕ್ಕ. "ಇವ್ನು ನಮ್ಮ ಜೋಗುಪಾಳ್ಯದ ಹುಲ್ಲಿನವರ ಮಗ. ಹಿಡ್ಕೊಡೋ ಹಂಗಿದ್ರೆ ಇಷ್ಟೊತ್ತಿಗೆ ನಿಮ್ಮನ್ನೆಲ್ಲ ಹಿಡ್ಕೊಡ್ತಿದ್ದ."

ಕತ್ತೆಯ ಕಿವಿ ಹತ್ತು ದಿನಕ್ಕೆ ಮಾಯಿತು. ಆದರೂ ಒಂದು ಕುದುರೆಯೂ ಬರಲಿಲ್ಲ.

ಐದನೆಯ ಭಾನುವಾರ ಬೆಳಿಗ್ಗೆ ಬುರ್ಖಾ ಹಾಕಿದ ಹೆಂಗಸೊಬ್ಬಳು ಬಿಳಿ ಕುದುರೆಯೊಂದನ್ನು ಲಗಾಮು ಹಿಡಿದು ನಡೆಸಿಕೊಂಡು ತೊಟ್ಟಿಯ ಹತ್ತಿರ ಬಂದಳು. ಗಾಡಿಯಿಲ್ಲದ ಬರೀ ಕುದುರೆ. ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು. ಅವಳು ಅಹ್ಮದ್ ಪಾಷಾನ ಅಕ್ಕ ಖುರ್ಷೀದ್. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದು, ದರ್ಜಿಗಳಿಗೆ ಬಟ್ಟೆ ಹೊಲಿದುಕೊಡುತ್ತಿದ್ದವಳು.

"ಅಹ್ಮದಿಗೆ ಜ್ವರ, ಮಲಗಿದ್ದಾನೆ ಭಾಯ್," ಅಂದಳು. "ಅದಕ್ಕೇ ಬಂದೆ. ಎದ್ದಿದ್ರೆ ಬಿಡ್ತಿರ್ಲಿಲ್ಲ. ಇವಳು ಮಿಸ್ರಿ. ರಾತ್ರಿ ಮಲಗೋದೇ ಇಲ್ಲ, ನಿಂತೇ ಇರ್ತಾಳೆ."

ಮಿಸ್ರಿ ಅಂದರೆ ಕಲ್ಲುಸಕ್ಕರೆ. ಬೈಲಪ್ಪ ಆ ಕುದುರೆಯ ಬೆನ್ನಿನ ಮೇಲೆ ಅಂಗೈ ಇಟ್ಟ. ಭುಜದ ಮೇಲೆ ಬೆಂಕಿಯ ಹಾಗೆ ಸುಡುತ್ತಿತ್ತು. ಕಾಡಿಗೆ ತೊಳೆದ. ರೂಪಾಯಿಯಗಲದ ಹುಣ್ಣು, ಅಂಚೆಲ್ಲ ಗಟ್ಟಿಯಾಗಿತ್ತು, ಆದರೆ ಆಳಕ್ಕೆ ಇಳಿದಿರಲಿಲ್ಲ. ಬೇವಿನ ನೀರಿನಲ್ಲಿ ಮೂರು ಸಲ ತೊಳೆದು, ಕೀವು ಒತ್ತಿ ತೆಗೆದು, ಎಣ್ಣೆ ಹಚ್ಚಿದ. ಮಿಸ್ರಿ ಒಮ್ಮೆ ಚರ್ಮ ನಡುಗಿಸಿತೇ ಹೊರತು ಒದೆಯಲಿಲ್ಲ.

"ಹದಿನೈದು ದಿನ ಜೀನು ಹಾಕ್ಬಾರ್ದಮ್ಮ."

"ಅವನು ನಾಲ್ಕು ದಿನಕ್ಕೆ ಏಳ್ತಾನೆ. ಎದ್ದ ದಿನವೇ ಕಟ್ತಾನೆ. ನಾನು ಬೇಡ ಅಂದ್ರೆ ನಿಲ್ಲೋನಲ್ಲ. ಬೇರೆ ಏನಾದ್ರೂ ಹೇಳಿ."

ಬೈಲಪ್ಪ ಯೋಚಿಸಿದ. ಲಾಯದಲ್ಲಿ ಸಾಲೋತ್ರಿ ಮಾಡುತ್ತಿದ್ದದ್ದು ನೆನಪಿಗೆ ಬಂತು. ಜೀನಿನ ಕೆಳಗೆ ದಪ್ಪ ಗಾದಿ ಹಾಕಿ, ಹುಣ್ಣಿರುವ ಜಾಗಕ್ಕೆ ಸರಿಯಾಗಿ ಗಾದಿಯಲ್ಲಿ ತೂತು ಬಿಡುತ್ತಿದ್ದ. ಭಾರವೆಲ್ಲ ಸುತ್ತಲಿನ ಗಾದಿಯ ಮೇಲೆ ಬೀಳುತ್ತಿತ್ತು, ಹುಣ್ಣಿಗೆ ಏನೂ ತಾಗುತ್ತಿರಲಿಲ್ಲ. ಅವನು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ. ಖುರ್ಷೀದ್ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡಳು. "ಕಂಬಳಿ ಸಿಕ್ಕಿದ್ರೆ ಹೊಲೀತೀನಿ," ಅಂದಳು. ಬೈಲಪ್ಪ ಮಾರನೆಯ ದಿನ ತನ್ನ ಮನೆಯ ಕಂಬಳಿಯನ್ನೇ ಮಾರಕ್ಕನ ಕೈಯಲ್ಲಿ ಕಳಿಸಿದ. ಆಂಜನಮ್ಮ ಆ ಚಳಿಗಾಲ ಮುಗಿಯುವ ತನಕ ಅದನ್ನು ಮರೆಯಲಿಲ್ಲ.

ಮುಂದಿನ ಭಾನುವಾರ ಅಹ್ಮದ್ ಪಾಷಾ ತಾನೇ ಬಂದ. ಮಿಸ್ರಿಯನ್ನು ಎಳೆದುಕೊಂಡು ನೇರ ತೊಟ್ಟಿಗೆ ಬಂದು, ಕಂಬಳಿಯ ಗಾದಿಯನ್ನು ಬೈಲಪ್ಪನ ಕಾಲ ಹತ್ತಿರ ಎಸೆದ.

"ನೋಡು ನಿನ್ನ ವೈದ್ಯ! ಒಂದು ಹುಣ್ಣಿತ್ತು, ಈಗ ಎರಡು!"

ಸ್ಟ್ಯಾಂಡಿನವರೆಲ್ಲ ಸುತ್ತ ಸೇರಿದರು. ಬೈಲಪ್ಪ ನೋಡಿದ. ಮಾತು ನಿಜ. ಗಾದಿ ಬಲಕ್ಕೆ ಜಾರಿ, ಅದರ ಅಂಚು ಉಜ್ಜಿ, ಬಲಭುಜದ ಚರ್ಮ ಕಿತ್ತು ಕೆಂಪಗಾಗಿತ್ತು. ಬೈಲಪ್ಪನಿಗೆ ತನ್ನ ತಪ್ಪು ಹೊಳೆಯಿತು. ಕುದುರೆ ಗಾಡಿ ಎಳೆಯುವಾಗ ನೋಡದೆ, ನಿಂತ ಕುದುರೆಯ ಬೆನ್ನು ನೋಡಿ ಅಳತೆ ಕೊಟ್ಟಿದ್ದ.

"ತಪ್ಪು ನಂದೇ ಪಾಷಾ ಭಾಯ್," ಅಂದ. "ನಿಮ್ಮಕ್ಕ ಹೊಲಿದಿದ್ದು ಸರಿಯಾಗೇ ಇದೆ. ನಾನು ಅಳತೆ ಹೇಳಿದ್ದು ತಪ್ಪು."

ಅಹ್ಮದ್ ಇನ್ನೂ ಬೈಯಲು ಬಾಯಿ ತೆರೆದಿದ್ದವನು ಅಲ್ಲೇ ನಿಂತ. ಆಸ್ಪತ್ರೆಯ ಕಡೆಯ ಮನುಷ್ಯ, ನಾಲ್ಕು ಜನರ ಮುಂದೆ ತಪ್ಪು ನನ್ನದು ಅನ್ನುವುದನ್ನು ಆ ಸ್ಟ್ಯಾಂಡಿನಲ್ಲಿ ಯಾರೂ ಕೇಳಿರಲಿಲ್ಲ.

"ನಾಳೆ ಬೆಳಿಗ್ಗೆ ನಿಮ್ಮ ಗಾಡಿ ಹಿಂದೆ ನಡ್ಕೊಂಡು ಬರ್ತೀನಿ," ಅಂದ ಬೈಲಪ್ಪ. "ಗಾದಿ ಎಲ್ಲಿ ಜಾರತ್ತೆ, ಯಾಕೆ ಜಾರತ್ತೆ, ಕಣ್ಣಲ್ಲಿ ನೋಡ್ಬೇಕು. ಒಂದು ದಿನ ಬಿಡಿ."

"ಹುಚ್ಚು ನಿನಗೆ," ಅಂದ ಅಹ್ಮದ್. ಆದರೆ ಬೇಡ ಅನ್ನಲಿಲ್ಲ.

ಸೋಮವಾರ ಕೆಲಸದ ದಿನ. ಅರ್ಧ ದಿನದ ರಜ ಕೇಳಬೇಕಾದರೆ ಡಾಕ್ಟರ ಮುಂದೆ ಹೋಗಬೇಕು, ಕಾರಣ ಹೇಳಬೇಕು. ಬೈಲಪ್ಪ ಭಾನುವಾರ ಸಂಜೆಯೇ ಡಾಕ್ಟರ ಮನೆಗೆ ಹೋದ. ಅವರು ವೆರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಾಗಿಲ ಬಳಿ ನಿಂತುಕೊಂಡೇ ಮೊದಲಿಂದ ಕೊನೆಯ ತನಕ ಎಲ್ಲ ಹೇಳಿದ, ಎರಡನೆಯ ಹುಣ್ಣಿನ ಸಮೇತ.

"ಯಾರನ್ನ ಕೇಳಿ ಶುರು ಮಾಡ್ದೆ?" ಅಂದರು ಆದಿನಾರಾಯಣ.

"ಯಾರ್ನೂ ಕೇಳ್ಲಿಲ್ಲ ಸಾರ್."

"ಕುದುರೆಗೆ ಏನಾದ್ರೂ ಆಗಿದ್ರೆ ಜನ ಆಸ್ಪತ್ರೇನ ಬೈತಿದ್ರು, ನಿನ್ನನ್ನಲ್ಲ. ಅದು ಗೊತ್ತಾ?"

"ಗೊತ್ತು ಸಾರ್."

ಡಾಕ್ಟರು ಪೇಪರನ್ನು ನಾಲ್ಕಾಗಿ ಮಡಿಸಿದರು, ಮತ್ತೆ ಬಿಚ್ಚಿದರು. ಬೈಲಪ್ಪ ಕೆಲಸ ಹೋಯಿತು ಅಂದುಕೊಂಡ.

"ಚಾಕು ಮುಟ್ಟಬಾರ್ದು," ಅಂದರು ಕೊನೆಗೆ. "ಕೀವು ಆಳಕ್ಕೆ ಇಳಿದಿದ್ರೆ ನೀನು ಕಟ್ಟಬಾರ್ದು, ನನ್ನ ಹತ್ರ ಕಳಿಸ್ಬೇಕು. ತಾನಾಗೇ ಕುದುರೆ ತಂದವನನ್ನ ನಾನು ಕೋರ್ಟಿಗೆ ಎಳೆಸೋದಿಲ್ಲ, ಹಾಗಂತ ಅವರಿಗೆ ಹೇಳು. ನಾಳೆ ಹನ್ನೆರಡಕ್ಕೆ ಬಾ, ತಡ ಮಾಡ್ಬೇಡ."

ಸೋಮವಾರ ಬೆಳಿಗ್ಗೆ ಅಹ್ಮದ್ ಪಾಷಾನ ಗಾಡಿ ಐದು ಜನರನ್ನು ಹತ್ತಿಸಿಕೊಂಡು ಸ್ಟೇಷನ್ನಿನಿಂದ ಹಲಸೂರಿಗೆ ಹೊರಟಿತು. ಬೈಲಪ್ಪ ಪಂಚೆ ಎತ್ತಿ ಕಟ್ಟಿ ಹಿಂದೆ ಹೊರಟ. ಮಿಸ್ರಿ ನಡೆದಾಗ ನಡೆದ, ಓಡಿದಾಗ ಓಡಿದ. ಹಿಂದೆ ಕೂತಿದ್ದ ಸಿಪಾಯಿಯೊಬ್ಬ ಇವನಿಗೆ ಗಾಡಿಯಲ್ಲಿ ಜಾಗ ಸಿಗಲಿಲ್ಲವೆಂದು ತಿಳಿದು ಕೈ ಚಾಚಿದ. ಬೈಲಪ್ಪ ಬೇಡವೆಂದು ತಲೆ ಅಲ್ಲಾಡಿಸಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗಿ ಬಗ್ಗಿ ಬಗ್ಗಿ ನೋಡುತ್ತಾ ಓಡಿದ. ಸಮತಟ್ಟಾದ ರಸ್ತೆಯಲ್ಲಿ ಗಾದಿ ಅಲ್ಲಾಡಲಿಲ್ಲ. ಕೆರೆಯ ಕಡೆ ಇಳಿಜಾರು ಬಂದ ಕೂಡಲೇ ಗಾಡಿ ಮುಂದಕ್ಕೆ ಬಾಗಿತು, ಗಾಡಿಯಿಂದ ಕುದುರೆಯ ಎರಡೂ ಪಕ್ಕಕ್ಕೆ ಚಾಚಿದ್ದ ಮೂಕಿಮರಗಳು ಮಿಸ್ರಿಯ ಬೆನ್ನನ್ನು ಅದುಮಿದವು, ಅದರಲ್ಲೂ ಬಲಗಡೆಯದು ಹೆಚ್ಚು. ಗಾದಿ ಬಲಕ್ಕೆ ಸರಿಯಿತು.

ಯಾಕೆಂದು ಆಗ ಕಂಡಿತು. ಅಹ್ಮದ್ ತಾನು ಕೂರುವ ಜಾಗದ ಪಕ್ಕಕ್ಕೆ, ಬಲಗಡೆ, ಒಂದು ಹಲಗೆ ಹೊಡೆದಿದ್ದ. ಯುದ್ಧ ಬಂದ ಮೇಲೆ ಐದನೆಯ ಸವಾರಿಗೆಂದು ಮಾಡಿದ್ದು. ಹಲಗೆಯ ಮೇಲಿನ ದಪ್ಪ ಮನುಷ್ಯನ ಭಾರವೆಲ್ಲ ಕುದುರೆಯ ಬಲಭುಜದ ಮೇಲೆ ಕೂತಿತ್ತು.

ಹಲಸೂರು ಮಾರ್ಕೆಟ್ಟಿನ ಬಳಿ ಗಾಡಿ ನಿಂತಾಗ ಬೈಲಪ್ಪ ಎದೆ ಹಿಡಿದುಕೊಂಡು ಉಸಿರೆಳೆದ. ಆಮೇಲೆ, "ಆ ಹಲಗೆ ತೆಗೀಬೇಕು ಭಾಯ್," ಅಂದ.

"ನಕ್ಕೋ, ಆಗಲ್ಲ! ಹಲಗೆ ತೆಗೆದ್ರೆ ಒಂದು ಸವಾರಿ ಹೋಯ್ತು."

"ಸರಿ. ಹಂಗಾದ್ರೆ ಒಂದು ಕೆಲ್ಸ ಮಾಡಿ. ಯಾರೂ ಇಳೀಬೇಡಿ ಸ್ವಾಮಿ, ಒಂದೇ ನಿಮಿಷ." ಅವನು ಮಿಸ್ರಿಯನ್ನು ಮೂಕಿಯಿಂದ ಬಿಚ್ಚಿದ. ಗಾಡಿ ಬಾಗದಂತೆ ತಾನು ಒಂದು ಮೂಕಿ ಹಿಡಿದು, ಇನ್ನೊಂದನ್ನು ಅಹ್ಮದನಿಗೆ ತೋರಿಸಿದ. "ಬಲಗಡೇದು ನೀವು ಹಿಡೀರಿ. ಹತ್ತು ಹೆಜ್ಜೆ ನಡೆಯೋಣ."

ಮಾರ್ಕೆಟ್ಟಿನ ಜನ ನೋಡುತ್ತಿದ್ದರು. ಹಿಂಜರಿದರೆ ಮರ್ಯಾದೆ ಹೋಗುತ್ತದೆಂದು ಅಹ್ಮದ್ ಹಿಡಿದ. ನಾಲ್ಕನೆಯ ಹೆಜ್ಜೆಗೆ ಅವನ ಭುಜ ಇಳಿಯಿತು. ಏಳನೆಯದಕ್ಕೆ ಮಣಿಕಟ್ಟು ತಿರುಚಿಕೊಂಡಿತು. ಹತ್ತು ಹೆಜ್ಜೆ ಪೂರ್ತಿ ನಡೆದ, ಅದು ಅವನ ಹಟ. ಮೂಕಿ ಬಿಟ್ಟ ಮೇಲೆ ಅಂಗೈ ತಿಕ್ಕುತ್ತಾ ಬೈಲಪ್ಪನ ಕೈ ನೋಡಿದ. ಎಡಗಡೆ ಹಿಡಿದವನಿಗೆ ಏನೂ ಆಗಿರಲಿಲ್ಲ. ಅಹ್ಮದ್ ಕುದುರೆ ಕಟ್ಟಿಕೊಂಡು ಹೊರಟುಹೋದ. ಹಲಗೆ ಗಾಡಿಯಲ್ಲೇ ಇತ್ತು.

ಮುಂದಿನದನ್ನು ಖುರ್ಷೀದ್ ತಾನೇ ಆಂಜನಮ್ಮನಿಗೆ ಹೇಳಿದ್ದು. ತಮ್ಮ ಅವತ್ತು ಮನೆಗೆ ಬಂದು ಮಾರ್ಕೆಟ್ಟಿನಲ್ಲಿ ನಡೆದದ್ದನ್ನು ಬೈಯುತ್ತಾ ಹೇಳಿದ, ಆದರೆ ಹೇಳುತ್ತಾ ಹೇಳುತ್ತಾ ಮಣಿಕಟ್ಟನ್ನೂ ನೀವಿಕೊಂಡ. ಬೆಳಗಾಗಿ ಅವನು ಎದ್ದು ಗಾಡಿಯ ಹತ್ತಿರ ಹೋದರೆ ಹಲಗೆ ಇಲ್ಲ. ನಾಲ್ಕು ಮೊಳೆ ಮಾತ್ರ ಇದ್ದವು.

"ಆಪಾ! ನನ್ನ ಹಲಗೆ ಯಾರೋ ಕದ್ದುಬಿಟ್ರು!"

"ಯಾರೂ ಕದ್ದಿಲ್ಲ," ಅಂದಳು ಖುರ್ಷೀದ್ ಒಲೆಯ ಮುಂದಿನಿಂದ. "ಬಾ, ಚಾ ಕುಡಿ. ಇವತ್ತಿನ ಚಾ ನಿನ್ನ ಹಲಗೆ ಮೇಲೇ ಕಾಸಿದ್ದು."

ಅಹ್ಮದ್ ಕೂಗಾಡಿದ, ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಆದರೆ ಚಹಾ ಕುಡಿದ. ಇನ್ನೊಂದು ಹಲಗೆ ಹೊಡೆಯಲಿಲ್ಲ.

ಬೈಲಪ್ಪ ಗಾದಿಗೆ ಹೊಸ ಅಳತೆ ಹೇಳಿದ, ಖುರ್ಷೀದ್ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಳು. ಈ ಸಲ ಎರಡು ಕಡೆ ಪಟ್ಟಿ ಕೊಟ್ಟು ಹೊಟ್ಟೆಯ ಕೆಳಗೆ ಕಟ್ಟುವ ಹಾಗೆ ಮಾಡಿದ್ದು ಅವಳದೇ ಯೋಚನೆ. ಎರಡು ಹುಣ್ಣೂ ನಿಧಾನವಾಗಿ ಒಣಗಿದವು. ದೀಪಾವಳಿಯ ಹೊತ್ತಿಗೆ ಅಲ್ಲಿ ಹೊಸ ಕೂದಲು ಬಂತು. ಸ್ವಲ್ಪ ಹೆಚ್ಚೇ ಬಿಳಿ, ಬಿಸಿಲಲ್ಲಿ ನೋಡಿದರೆ ಎರಡು ಬೊಟ್ಟಿನ ಹಾಗೆ ಹೊಳೆಯುತ್ತಿತ್ತು. ಮಿಸ್ರಿ ರಾತ್ರಿ ಕಾಲು ಮಡಚಿ ಮಲಗುತ್ತಾಳೆ ಎಂದು ಖುರ್ಷೀದ್ ಮಾರಕ್ಕನ ಕೈಯಲ್ಲಿ ಹೇಳಿಕಳಿಸಿದಳು.

ಅಲ್ಲಿಂದ ಮುಂದೆ ಕುದುರೆಗಳು ತೊಟ್ಟಿಗೆ ಬರತೊಡಗಿದವು. ಮೊದಲು ಒಂದು, ಆಮೇಲೆ ಮೂರು. ಕೆಲವು ಭಾನುವಾರ ಹನ್ನೆರಡು ಕುದುರೆ ಸಾಲಾಗಿ ನಿಂತಿರುತ್ತಿದ್ದವು. ಕತ್ತೆ ಡಾಕ್ಟರ್ ಎಂಬ ಹೆಸರು ಹಾಗೇ ಉಳಿಯಿತು, ಆದರೆ ಕರೆಯುವ ದನಿ ಬದಲಾಗಿತ್ತು. ಬೈಲಪ್ಪ ಹುಣ್ಣು ತೊಳೆದ ಮೇಲೆ ಗಾಡಿ ನೋಡುತ್ತಿದ್ದ. ಒಬ್ಬನದು ಎದೆಪಟ್ಟಿ ಚಿಕ್ಕದು, ಒಬ್ಬನದು ಜೀನಿನ ಮರ ಮುರಿದದ್ದು, ಇನ್ನೊಬ್ಬ ಟ್ರಂಕುಗಳನ್ನೆಲ್ಲ ಮುಂದೆ ಒಟ್ಟುತ್ತಿದ್ದ. ಗಾದಿಗಳನ್ನು ಖುರ್ಷೀದ್ ಮತ್ತು ಅವಳ ಬೀದಿಯ ಮೂರು ನಾಲ್ಕು ಹೆಂಗಸರು ಹೊಲಿದರು. ಗಾಡಿಯವರೇ ಹಳೇ ಕಂಬಳಿ, ಗೋಣಿ ತಂದುಕೊಟ್ಟರು. ಆದಿನಾರಾಯಣ ಡಾಕ್ಟರು ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬಂದು, ಇಳಿಯದೆ, ಒಂದು ಕಾಲು ತೊಟ್ಟಿಯ ಕಟ್ಟೆಗೆ ಊರಿ ನೋಡಿ, ಎರಡು ತಪ್ಪು ಹೇಳಿ ಹೋಗುತ್ತಿದ್ದರು. ಒಂದು ಸಲ ಮಾತ್ರ ಇಳಿದರು. ಅಂಗಿಯ ತೋಳು ಮಡಿಸಿ ಮಧ್ಯಾಹ್ನದ ತನಕ ಕೆಲಸ ಮಾಡಿದರು. ಸಂಘ, ಅಧ್ಯಕ್ಷರು, ಬೋರ್ಡು ಯಾವುದೂ ಇರಲಿಲ್ಲ. ಭಾನುವಾರ ಅಂದರೆ ತೊಟ್ಟಿ, ಅಷ್ಟೇ.

ಎಲ್ಲ ಕುದುರೆಗಳೂ ಉಳಿಯಲಿಲ್ಲ. ನಲವತ್ತನಾಲ್ಕರ ಬೇಸಿಗೆಯಲ್ಲಿ ಹೊಟ್ಟೆ ನೋವಿನಿಂದ ಒಂದೇ ವಾರದಲ್ಲಿ ಎರಡು ಸತ್ತವು. ಬೂಷ್ಟು ಹಿಡಿದ ಹುರುಳಿ ತಿನ್ನಿಸಿದ್ದರು, ಯುದ್ಧಕಾಲದಲ್ಲಿ ಒಳ್ಳೆಯದು ಸಿಗುತ್ತಿರಲಿಲ್ಲ. ಒಬ್ಬಿಬ್ಬರು ಎಷ್ಟು ಹೇಳಿದರೂ ಚಾಟಿ ಬಿಡಲಿಲ್ಲ. ಅಂಥವರ ಜೊತೆ ಬೈಲಪ್ಪ ಜಗಳ ಮಾಡಿದ, ಒಮ್ಮೆ ಚಾಟಿ ಕಿತ್ತುಕೊಂಡು ಮುರಿದೂ ಹಾಕಿದ. ಅದಕ್ಕೆ ಅವನು ಆಮೇಲೆ ನಾಚಿಕೊಂಡನಂತೆ. ಆಂಜನಮ್ಮ ಭಾನುವಾರಗಳ ಬಗ್ಗೆ ಗೊಣಗುವುದನ್ನು ನಿಲ್ಲಿಸಲಿಲ್ಲ. ಗೊಣಗುತ್ತಲೇ ತಾನೂ ಹೋಗಿ ತೊಟ್ಟಿಯ ಪಕ್ಕ ಮೂರು ಕಲ್ಲು ಹೂಡಿ ಬೇವಿನ ನೀರು ಕಾಯಿಸುತ್ತಿದ್ದಳು. ಖುರ್ಷೀದೂ ಅವಳೂ ಗೆಳತಿಯರಾದದ್ದು ಆ ಒಲೆಯ ಮುಂದೆ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ದಂಡಿನ ಬಂಗಲೆಗಳು ಒಂದೊಂದೇ ಖಾಲಿಯಾದವು. ಪೆಟ್ರೋಲ್ ಬಸ್ಸುಗಳು ಮತ್ತೆ ಓಡಿದವು. ಜಟಕಾಗಳು ಸ್ವಲ್ಪ ಕಡಿಮೆಯಾದವು, ಆದರೆ ಸ್ಟೇಷನ್ನಿನ ಮುಂದೆ ಇನ್ನೂ ಸಾಲು ಇರುತ್ತಿತ್ತು.

ನಲವತ್ತೆಂಟರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಜಟಕಾದವನೊಬ್ಬ ಆಸ್ಪತ್ರೆಗೆ ಗಾಡಿ ಓಡಿಸಿಕೊಂಡು ಬಂದು, ಹಲಸೂರಿನಲ್ಲಿ ಕುದುರೆ ಮೋರಿಗೆ ಬಿದ್ದಿದೆ, ಬೇಗ ಬನ್ನಿ ಎಂದ. ಬೈಲಪ್ಪ ಹಗ್ಗ, ಪಟ್ಟಿಗಳ ಚೀಲ ಎತ್ತಿಕೊಂಡು ಅದೇ ಗಾಡಿ ಹತ್ತಿದ. ದಾರಿಯುದ್ದಕ್ಕೂ ಅವನ ಕಣ್ಣಿನ ಮುಂದೆ ಹಿಂದೆ ಕಂಡದ್ದೆಲ್ಲ ಬಂತು. ಕುದುರೆ ಬಿದ್ದರೆ ಜನ ಮಾಡುತ್ತಿದ್ದದ್ದು ಒಂದೇ: ಸುತ್ತ ನಿಂತು ಕೂಗುವುದು, ಬಾಲ ತಿರುಚುವುದು, ಏಳುವ ತನಕ ಹೊಡೆಯುವುದು. ಹೆದರಿದ ಕುದುರೆ ಒದ್ದಾಡಿ ಕಾಲು ಮುರಿದುಕೊಂಡರೆ ಮುಗಿಯಿತು, ಆಮೇಲೆ ಯಾವ ಡಾಕ್ಟರೂ ಏನೂ ಮಾಡುವ ಹಾಗಿರಲಿಲ್ಲ.

ಕುದುರೆ ಕೆ.ಆರ್. ಪುರದಿಂದ ತರಕಾರಿ ತಂದ ಗಾಡಿಯದು. ಯಜಮಾನ ಮುನಿವೆಂಕಟಪ್ಪ, ಈ ಕಡೆಗೆ ಹೊಸಬ. ಎದುರಿಗೆ ಬಸ್ಸು ಬಂತೆಂದು ಪಕ್ಕಕ್ಕೆ ಎಳೆದಾಗ ಚಕ್ರ ಜಾರಿ ಗಾಡಿ, ಕುದುರೆ ಎರಡೂ ಕಲ್ಲಿನ ಮೋರಿಗೆ ಉರುಳಿದ್ದವು. ರಸ್ತೆಯ ತುಂಬ ಬದನೆಕಾಯಿ ಚೆಲ್ಲಿತ್ತು.

ಬೈಲಪ್ಪ ಜನರನ್ನು ತಳ್ಳಿಕೊಂಡು ಹೋಗಬೇಕಾದೀತು ಅಂದುಕೊಂಡಿದ್ದ. ಹಾಗಾಗಲಿಲ್ಲ. ಜಟಕಾದವರು ಅಡ್ಡ ಗಾಡಿ ನಿಲ್ಲಿಸಿ ಜನರನ್ನು ಆಗಲೇ ದೂರ ಸರಿಸಿದ್ದರು. ಮೂಕಿಯ ಹಗ್ಗ, ಹೊಟ್ಟೆಪಟ್ಟಿ ಕೊಯ್ದು ಗಾಡಿಯನ್ನು ಎತ್ತಿ ಬೇರೆ ಮಾಡಿದ್ದರು. ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಕಲ್ಲಿನ ಅಂಚು ಒತ್ತದಂತೆ ಪಕ್ಕೆಯ ಕೆಳಗೆ ಗೋಣಿ ತುರುಕಿದ್ದರು. ಅಹ್ಮದ್ ಪಾಷಾ ಮೋರಿಯ ಕೊಳಕಿನಲ್ಲೇ ಕೂತು ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏನನ್ನೋ ಮೆಲ್ಲಗೆ ಹೇಳುತ್ತಿದ್ದ. ಪಕ್ಕದಲ್ಲಿ ಮುನಿವೆಂಕಟಪ್ಪ ಚಾಟಿ ಹಿಡಿದು ಅಳುಮೋರೆಯಲ್ಲಿ ನಿಂತಿದ್ದ.

"ಎರಡೇಟು ಹಾಕಿದ್ರೆ ಎದ್ದೇಳ್ತದೆ ಕಣಣ್ಣ, ಬಿಡು."

"ಅದನ್ನ ಕೆಳಗಿಡು ಮೊದ್ಲು," ಅಂದ ಅಹ್ಮದ್. "ಅದಕ್ಕೆ ಉಸಿರು ಬರ್ಲಿ. ಎದ್ದೇಳ್ಬೇಕು ಅಂದಾಗ ಅದೇ ಏಳ್ತದೆ, ನಾವು ಹಿಂದೆಯಿಂದ ಆಸರೆ ಕೊಡೋಣ."

ಬೈಲಪ್ಪ ಮೋರಿಗೆ ಇಳಿದು ನಾಲ್ಕು ಕಾಲೂ ಮೇಲಿಂದ ಕೆಳಗೆ ತಡವಿದ. ಮುರಿದಿರಲಿಲ್ಲ. ಮುಂಗಾಲಿನ ಮಂಡಿ ಮಾತ್ರ ಸೀಳಿತ್ತು. ಎದೆಯ ಹಿಂದೆ ಹಗ್ಗ ಹಾಕಿ, ನಾಲ್ಕು ಜನ ಒಂದೊಂದು ಕಡೆ ಹಿಡಿದರು. ಕಣ್ಣಿನ ಬಟ್ಟೆ ತೆಗೆದರು. ಕುದುರೆ ಒಮ್ಮೆ ತಲೆ ಎತ್ತಿತು, ಮತ್ತೆ ಇಳಿಸಿತು. ಯಾರೂ ಕೂಗಲಿಲ್ಲ. ಎರಡನೆಯ ಸಲ ಮುಂಗಾಲು ಊರಿ ಮೈಯೆಲ್ಲ ನಡುಗಿಸಿ ಎದ್ದೇ ಬಿಟ್ಟಿತು. ಜನ ಹೋ ಎಂದರು. ಮುನಿವೆಂಕಟಪ್ಪ ಅದರ ಕೊರಳಿಗೆ ಮುಖವಿಟ್ಟು ನಿಂತ. ಯಾರೋ ಹೆಂಗಸರು ರಸ್ತೆಯ ಬದನೆಕಾಯಿ ಆರಿಸಿ ಬುಟ್ಟಿಗೆ ತುಂಬತೊಡಗಿದರು.

ಕುದುರೆಯನ್ನು ನೆರಳಿಗೆ ನಡೆಸಿ ಬೈಲಪ್ಪ ಮಂಡಿ ತೊಳೆದು ಪಟ್ಟಿ ಸುತ್ತತೊಡಗಿದ. ಜಟಕಾದವರು ಸುತ್ತ ನಿಂತು, ಇದು ವಾರ ಹಿಡಿಯುತ್ತದೋ ಹತ್ತು ದಿನವೋ, ಮುನಿವೆಂಕಟಪ್ಪನ ತರಕಾರಿಯನ್ನು ಯಾರ ಗಾಡಿಯಲ್ಲಿ ಸಾಗಿಸುವುದು, ಅವನ ಗಾಡಿಯ ಮೂಕಿ ಎತ್ತರ ಸಾಲದೆಂದು ವಾದ ಮಾಡುತ್ತಿದ್ದರು. ಅಹ್ಮದ್ ಪಾಷಾ ಅಂಗಿಯ ಕೆಸರು ಹಿಂಡಿಕೊಂಡು ಬಗ್ಗಿ ನೋಡಿದ.

"ಸ್ವಲ್ಪ ಸಡಿಲ ಕಟ್ಟಿ ಬೈಲಪ್ಪಣ್ಣ," ಅಂದ. "ಮಧ್ಯಾಹ್ನಕ್ಕೆ ಊದ್ಕೊಳ್ತದೆ."

ಬೈಲಪ್ಪ ಪಟ್ಟಿಯ ಕೆಳಗೆ ಬೆರಳು ಹಾಕಿ ನೋಡಿದ. ಬಿಗಿಯಾಗಿಯೇ ಇತ್ತು. ಬಿಚ್ಚಿ, ಸಡಿಲವಾಗಿ ಮತ್ತೆ ಸುತ್ತಿದ.